ಗೋಡೆಯ ಮೇಲಿನ ಐವತ್ತಾರು ದಿನ

ಬೇಸಿಗೆ ರಜೆಯ ಮೊದಲ ದಿನ ಬೆಳಗ್ಗೆ ಆ ಮನೆಯ ಅತ್ತೆ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು ಸೊಸೆಗೆ ಒಂದು ಮಾತು ಅಂದಾಗ, ಮೂರು ಬೀದಿಗಳಾಚೆಯ ಡೈರಿಯಲ್ಲಿ ಹನ್ನೆರಡು ಸಾವಿರ ಲೀಟರ್ ಹಾಲು ಒಂದೇ ಏಟಿಗೆ ಒಡೆದುಹೋಯಿತು. ನಗಬೇಡಿ. ಡೈರಿಯವರು ಓಡಿ ಬಂದು, ಈ ಮನೆಯಲ್ಲಿ ಜಗಳವಾಗುವ ದಿನ ದಯವಿಟ್ಟು ಮೊದಲೇ ತಿಳಿಸಿ, ಕ್ಯಾನುಗಳನ್ನು ಊರಾಚೆ ಸಾಗಿಸಿಬಿಡುತ್ತೇವೆ ಎಂದು ಕೇಳಿಕೊಂಡರು. ಅಂಥ ಗಂಟಲು ಅದು! ಐದನೇ ಮಹಡಿಯಲ್ಲಿ ಅತ್ತೆ ಕೆಮ್ಮಿದರೆ ನೆಲಮಹಡಿಯ ಕ್ಷೌರದಂಗಡಿಯಲ್ಲಿ ಕತ್ತರಿ ಹಿಡಿದ ಕೈ ನಡುಗಿ ಗಿರಾಕಿಯ ಅರ್ಧ ಮೀಸೆ ಹೋಗುತ್ತಿತ್ತು. ಆ ಬೀದಿಯಲ್ಲಿ ಅರ್ಧ ಮೀಸೆಯ ಗಂಡಸರು ಅಷ್ಟೊಂದು ಜನ ಓಡಾಡುತ್ತಿದ್ದದ್ದು ಸುಮ್ಮನೆ ಅಲ್ಲ.

ಅವರು ಅಂದ ಮಾತು ಇಷ್ಟೇ.

"ಈ ಒಲೆ ನಂದು. ಬಟ್ಟೆ ಮಡಚೋ ಕೈಗೆ ಇಲ್ಲೇನಮ್ಮ ಕೆಲಸ?"

ಸೊಸೆಯ ಎರಡೂ ಕೈಯಲ್ಲಿ ತರಕಾರಿಯ ಚೀಲಗಳಿದ್ದವು. ಎಡಗೈಯ ಚೀಲದಿಂದ ಬೀಟ್‌ರೂಟಿನ ಎಲೆಗಳು ಹೊರಗಿಣುಕುತ್ತಿದ್ದವು, ಬಲಗೈಯದರಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ಚೀಲಗಳನ್ನು ಕೆಳಗಿಡಲಿಲ್ಲ. ಕೆಳಗಿಟ್ಟರೆ ಸೋತಂತೆ ಎಂದು ಅವಳಿಗೆ ಅನ್ನಿಸಿತ್ತು. ಆರು ವರ್ಷ ಈ ಬಾಗಿಲನ್ನು ನೀರು ಕುಡಿಯುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ದಾಟದವಳು ಇವತ್ತು ದಾಟಲೇಬೇಕಿತ್ತು. ಏಕೆಂದರೆ ಅವಳ ಕೈಯಲ್ಲಿ ಇದ್ದದ್ದು ಎಂಟು ವಾರ. ಆ ಎಂಟು ವಾರ ಮುಗಿಯುವಷ್ಟರಲ್ಲಿ ಮಗಳು ಅವಳ ಮಗಳಾಗಿ ಉಳಿಯುತ್ತಾಳೋ ಇಲ್ಲವೋ ತೀರ್ಮಾನವಾಗಬೇಕಿತ್ತು.

ಅವಳು ಊರಿನ ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಚುವ ಕೆಲಸದವಳು. ಗಂಟೆಗೆ ನೂರಿಪ್ಪತ್ತು ಶೀಟು. ಅದು ಲಾಂಡ್ರಿಯ ಲೆಕ್ಕ. ನನ್ನನ್ನು ಕೇಳಿದರೆ ಒಂಬೈನೂರು. ಅವಳು ಮಡಚುವಾಗ ಕೈಗಳೇ ಕಾಣುತ್ತಿರಲಿಲ್ಲ, ಗಾಳಿ ಬೀಸಿದಂತಾಗುತ್ತಿತ್ತು, ಪಕ್ಕದವರು ಸ್ವೆಟರ್ ಹಾಕಿಕೊಂಡು ನಿಲ್ಲುತ್ತಿದ್ದರು. ಅಲ್ಲಿಯ ಗೋಡೆಯ ಮೇಲೆ ಒಂದು ದೊಡ್ಡ ಪಟ್ಟಿ ಇತ್ತು. ಅರ್ಧ ಗಂಟೆಗೊಂದು ಚೌಕ. ಅರ್ಧ ಗಂಟೆಯ ಕೆಲಸ ಮುಗಿದರೆ ಮೇಲ್ವಿಚಾರಕಿ ಬಂದು ಹಸಿರು ಪೆನ್ನಿನಲ್ಲಿ ಗೀಟು ಹಾಕುತ್ತಿದ್ದಳು. ಚೌಕ ಖಾಲಿ ಉಳಿದರೆ ಅವತ್ತು ಯಾರೂ ಅವಳ ಮುಖ ನೋಡಿ ಮಾತಾಡುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಮನೆ ಬಿಟ್ಟರೆ ಅವಳು ಬರುವಾಗ ಮಗಳು ಊಟ ಮುಗಿಸಿ ಕಿಟಕಿಯ ಕಟ್ಟೆಯ ಮೇಲೆ ಕಾಲು ಮಡಚಿ ಕೂತಿರುತ್ತಿದ್ದಳು. ಹಾಗೆ ಒಂದೇ ಕಡೆ ಗಂಟೆಗಟ್ಟಲೆ ಕೂರುವುದನ್ನು ನೋಡಿ ಅಪ್ಪ ಅವಳಿಗೆ ಬೆಕ್ಕಿನಮರಿ ಎಂದು ಹೆಸರಿಟ್ಟಿದ್ದ. ಮನೆಯವರೆಲ್ಲರ ಬಾಯಲ್ಲಿ ಅದು 'ಮರಿ' ಆಗಿತ್ತು. ತಾಯಿ ಕೆಲಸಕ್ಕೆ ಸೇರಿದಾಗ ಮರಿಗೆ ಮೂರು ವರ್ಷ, ಈಗ ಒಂಬತ್ತು. ನಡುವಿನ ಆರು ವರ್ಷ ಅವಳಿಗೆ ಉಣಿಸಿದವರು, ತಲೆ ಬಾಚಿದವರು, ಹಲ್ಲು ಬಿದ್ದಾಗ ಕೈಯೊಡ್ಡಿದವರು ಎಲ್ಲ ಅಜ್ಜಿಯೇ. ಅಜ್ಜಿಯ ಅಡುಗೆಯೆಂದರೆ ಬೇಯಿಸಿದ ಆಲೂಗಡ್ಡೆ, ಡಬ್ಬಿಯ ಬಟಾಣಿ, ಬ್ರೆಡ್ಡು. ವಾರಕ್ಕೆ ಏಳು ದಿನ, ವರ್ಷಕ್ಕೆ ಐವತ್ತೆರಡು ವಾರ.

ಅತ್ತೆಯ ಮಗಳು, ಅಂದರೆ ಸೊಸೆಗೆ ನಾದಿನಿ, ಬೇರೆ ಊರಿನಲ್ಲಿ ಶಾಲೆಯ ಟೀಚರು. ಮಕ್ಕಳಿರಲಿಲ್ಲ. ಚಳಿಗಾಲದಲ್ಲಿ ಬಂದು ನಾಲ್ಕು ದಿನ ಇದ್ದು ಹೋದವಳು, ಮಗು ಬಿಳಿಚಿಕೊಂಡಿದೆ, ಬಾಯಿ ಬಿಟ್ಟು ಎರಡು ಮಾತಾಡುವುದಿಲ್ಲ, ತನ್ನ ಜೊತೆ ಕಳಿಸಿದರೆ ತನ್ನ ಶಾಲೆಯಲ್ಲೇ ಓದಿಸುತ್ತೇನೆ ಎಂದು ಫೋನಿನಲ್ಲಿ ಅಮ್ಮನ ಹತ್ತಿರ ಅತ್ತಳು. ಅಮ್ಮ ಒಪ್ಪಿಬಿಟ್ಟರು. ಯಾರನ್ನೂ ಕೇಳಲಿಲ್ಲ. ಒಂದು ದಿನ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ ಇಟ್ಟಷ್ಟು ಸಲೀಸಾಗಿ ಆ ಮಾತನ್ನೂ ಇಟ್ಟರು.

ಮಗ ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್. ಊರಿನ ಜನರನ್ನೆಲ್ಲ ಮೇಲೆ ಕೆಳಗೆ ಸರಾಗವಾಗಿ ಓಡಾಡಿಸುವವನು ತನ್ನ ಮನೆಯಲ್ಲಿ ಮಾತ್ರ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಲಿಫ್ಟ್. ಅಮ್ಮನ ಕಡೆ ಒಮ್ಮೆ ನೋಡಿದ, ಹೆಂಡತಿಯ ಕಡೆ ಒಮ್ಮೆ ನೋಡಿದ, ಬ್ರೆಡ್ಡಿಗೆ ಬೆಣ್ಣೆ ಹಚ್ಚತೊಡಗಿದ. ಹಚ್ಚಿದ, ಹಚ್ಚಿದ, ಬೆಣ್ಣೆ ಎಷ್ಟು ದಪ್ಪವಾಯಿತೆಂದರೆ ಅದರ ಮೇಲೆ ಇನ್ನೊಂದು ಬ್ರೆಡ್ಡು ಕೂರಲಿಲ್ಲ.

ಸೊಸೆ ಅಳಲಿಲ್ಲ. ಅದೇ ವಾರ ಲಾಂಡ್ರಿಯ ಹಳೆಯ ಬಾಯ್ಲರ್ ತೆಗೆದು ಹೊಸದು ಕೂರಿಸುವವರೆಗೆ ಎಲ್ಲರಿಗೂ ಎಂಟು ವಾರ ರಜೆ ಎಂದು ಹೇಳಿದ್ದರು. ಅವಳು ಮಗಳ ತಟ್ಟೆಯ ಕಡೆ ನೋಡುತ್ತ ಮೆಲ್ಲಗೆ ಹೇಳಿದಳು.

"ಎಂಟು ವಾರ ನನಗೆ ಕೊಡಿ ಅತ್ತೆ. ಆಮೇಲೆ ಮರೀನೇ ಕೇಳೋಣ. ಹೋಗ್ತೀನಿ ಅಂದ್ರೆ ನಾನೇ ಬಟ್ಟೆ ಜೋಡಿಸಿ ಕಳಿಸ್ತೀನಿ."

"ಕೊಟ್ಟೆ ತಗೋ," ಅಂದರು ಅತ್ತೆ, ಹಳೆಯ ಕೊಡೆ ಕೊಡುವವರ ಹಾಗೆ.

ಹೀಗೆ ಶುರುವಾಯಿತು ಆ ಬೇಸಿಗೆ. ಬಾಗಿಲಲ್ಲಿ ನಿಂತ ಅತ್ತೆ ಕೊನೆಗೆ ಅರ್ಧ ಇಳಿದುಬಂದರು. ಎರಡು ಉರಿಯ ಒಲೆಯಲ್ಲಿ ಎಡಗಡೆಯದು ಸೊಸೆಗೆ, ಬಲಗಡೆಯದು ತಮಗೆ ಎಂದು ಹೇಳಿ, ಬಲಗಡೆಯ ಉರಿಯ ಮೇಲೆ ಆಲೂಗಡ್ಡೆಯ ಪಾತ್ರೆ ಇಟ್ಟು ಕಾವಲು ನಿಂತರು.

ಅವತ್ತೇ ಸೊಸೆ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ತಿರುವಿ ಅಂಟಿಸಿ, ನಡುಮನೆಯಿಂದ ಮಲಗುವ ಕೋಣೆಯವರೆಗಿನ ಗೋಡೆಯ ಮೇಲೆ ಒಂದು ಪಟ್ಟಿ ಹಚ್ಚಿದಳು. ಐವತ್ತಾರು ದಿನ, ಅರ್ಧ ಗಂಟೆಗೊಂದು ಚೌಕ. ಅದರ ಉದ್ದ ಎಷ್ಟಿತ್ತೆಂದರೆ ಓದುತ್ತ ನಡೆಯಲು ಹೊರಟವರು ಈ ತುದಿಯಲ್ಲಿ ಕಾಫಿ ಕುಡಿದು ಹೊರಟರೆ ಆ ತುದಿಯಲ್ಲಿ ಮಧ್ಯಾಹ್ನದ ಊಟಕ್ಕೆ ಮುಟ್ಟುತ್ತಿದ್ದರು. ಆರು ಗಂಟೆಗೆ ಸೇತುವೆಯ ಕೆಳಗಿನ ತರಕಾರಿ ಸಂತೆ. ಏಳಕ್ಕೆ ತೊಳೆಯುವುದು, ಹೆಚ್ಚುವುದು. ಎಂಟೂವರೆಗೆ ಈಜು. ಹತ್ತೂವರೆಗೆ ಲೈಬ್ರರಿ. ಮಧ್ಯಾಹ್ನ ಅಡುಗೆ, ಆಮೇಲೆ ಚಿತ್ರ ಬಿಡಿಸುವುದು, ಆಮೇಲೆ ತಾರಸಿಯ ತೊಟ್ಟಿಗಳಲ್ಲಿ ಮೂಲಂಗಿ ಬಿತ್ತುವುದು, ಸಂಜೆ ಸೈಕಲ್. ಹಸಿರು ಪೆನ್ನು ದಾರದಲ್ಲಿ ಕಟ್ಟಿ ನೇತುಹಾಕಿತ್ತು. ಅವಳಿಗೆ ಗೊತ್ತಿದ್ದ ದಾರಿ ಅದೊಂದೇ. ಆರು ವರ್ಷ ಅವಳನ್ನು ಒಳ್ಳೆಯವಳು ಎಂದು ಹೇಳಿದ್ದು ಆ ಹಸಿರು ಗೀಟೊಂದೇ.

ಸಂತೆಯಲ್ಲಿ ಅವಳು ಮಾಡಿದ ಪರಾಕ್ರಮಗಳನ್ನು ಹೇಳಹೋದರೆ ಈ ಕಥೆ ಮುಗಿಯುವುದಿಲ್ಲ. ಬದನೆಕಾಯಿಯ ತೊಟ್ಟು ಹಿಡಿದು ನೋಡಿ ಅದು ಯಾವ ಹೊತ್ತಿಗೆ ಗಿಡದಿಂದ ಇಳಿದದ್ದು ಎಂದು ನಿಮಿಷದ ಸಮೇತ ಹೇಳುತ್ತಿದ್ದಳು. ಬೆಂಡೆಕಾಯಿಯ ತುದಿ ಮುರಿದರೆ ಬಂದ ಸದ್ದಿಗೆ ಇಡೀ ಸಂತೆ ತಿರುಗಿ ನೋಡುತ್ತಿತ್ತು. ಒಮ್ಮೆ ತಂದ ಕುಂಬಳಕಾಯಿಯನ್ನು ಲಿಫ್ಟಿನಲ್ಲಿ ಒಂಟಿಯಾಗಿ ಕಳಿಸಬೇಕಾಯಿತು, ಜೊತೆಗೆ ಮನುಷ್ಯರು ಹತ್ತಿದರೆ ಭಾರ ಹೆಚ್ಚಾಯಿತೆಂದು ಗಂಟೆ ಬಾರಿಸುತ್ತಿತ್ತು. ಗಂಡ ಸ್ಪ್ಯಾನರ್ ತಂದು ನಿಂತ.

ಆದರೆ ಊಟದ ಮೇಜಿನ ಮುಂದೆ ಅವಳ ಪರಾಕ್ರಮವೆಲ್ಲ ಕರಗುತ್ತಿತ್ತು. ಮರಿಯ ತಟ್ಟೆಯಲ್ಲಿ ಎಡಗಡೆ ಅಮ್ಮನ ಪಾಲಕ್ ಸೂಪು, ಹುರಿದ ಕ್ಯಾರೆಟ್. ಬಲಗಡೆ ಅಜ್ಜಿಯ ಆಲೂಗಡ್ಡೆ. ಮರಿ ಎಡಗಡೆಯಿಂದ ಒಂದು ಚಮಚ ತಿಂದರೆ ಬಲಗಡೆಯಿಂದ ಒಂದು ಚಮಚ ತಿನ್ನುತ್ತಿದ್ದಳು. ಇಬ್ಬರಲ್ಲಿ ಯಾರಿಗೂ ನೋವಾಗದ ಹಾಗೆ, ತುಟಿಯಲ್ಲೇ ಎಣಿಸಿಕೊಂಡು. ಕೊನೆಯಲ್ಲಿ ಎರಡೂ ಕಡೆ ಸರಿಸಮ ಉಳಿಸಿ, ಸಾಕು ಎಂದು ಎದ್ದುಹೋಗುತ್ತಿದ್ದಳು. ತಾಯಿ ಆ ಮುಖವನ್ನು ಶೀಟಿನ ಮೇಲೆ ಕಲೆ ಹುಡುಕುವವಳ ಹಾಗೆ ಹುಡುಕುತ್ತಿದ್ದಳು. ಏನಾದರೂ ಕಾಣುತ್ತದೆಯೇ... ಇರುತ್ತೇನೆ ಎಂಬ ಒಂದು ಗುರುತು, ಹೋಗುತ್ತೇನೆ ಎಂಬ ಒಂದು ಗುರುತು... ಏನೂ ಕಾಣುತ್ತಿರಲಿಲ್ಲ. ಒಗೆದು ಇಸ್ತ್ರಿ ಮಾಡಿದ ಮುಖ.

ಎರಡನೇ ವಾರದಲ್ಲಿ ಒಂದು ದಿನ ಅವಳು ದಪ್ಪ ಮೆಣಸಿನಕಾಯಿಯ ಹೊಟ್ಟೆ ಬಗೆದು, ಒಳಗೆ ಅನ್ನ, ಜೋಳದ ಕಾಳು, ಟೊಮೇಟೊ ತುಂಬಿ, ತೊಟ್ಟನ್ನೇ ಟೊಪ್ಪಿಗೆಯಾಗಿ ಮುಚ್ಚಿ ಬೇಯಿಸಿದಳು. ಮರಿ ಆ ಟೊಪ್ಪಿಗೆಯನ್ನು ಎತ್ತಿ ಒಳಗೆ ನೋಡಿದಳು. ಮತ್ತೆ ಮುಚ್ಚಿದಳು. ಮತ್ತೆ ಎತ್ತಿದಳು. ಆಮೇಲೆ ತಿಂದಳು. ತಿಂದು, ಚೆನ್ನಾಗಿದೆ ಅಂದಳು.

ಒಂದು ಮಾತು! ತಾಯಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅವಳು ಸುರಿಸಿದ ಕಣ್ಣೀರಿಗೆ ಕೆಳಗಿನ ಮಹಡಿಯವರು ಪೈಪ್ ಒಡೆಯಿತೆಂದು ಪ್ಲಂಬರನ್ನು ಕರೆಸಿದರು. ಮಾರನೆಯ ದಿನ ಮತ್ತೆ ದಪ್ಪ ಮೆಣಸಿನಕಾಯಿ. ಅದರ ಮಾರನೆಯ ದಿನ ಮತ್ತೆ. ಆ ವಾರ ಊರಿನ ಸಂತೆಯಲ್ಲಿ ಬೇರೆ ಯಾರಿಗೂ ದಪ್ಪ ಮೆಣಸಿನಕಾಯಿ ಸಿಗಲಿಲ್ಲ. ಅಷ್ಟೇ ಅಲ್ಲ, ಒಂದು ಮಾತು ಬಂತಲ್ಲ, ಇನ್ನಷ್ಟು ಮಾಡಿದರೆ ಇನ್ನಷ್ಟು ಮಾತು ಬಂದೀತು ಎಂದು ಅವಳು ಪಟ್ಟಿಯ ಚೌಕಗಳನ್ನು ಗೀಟು ಹಾಕಿ ಎರಡೆರಡು ಮಾಡಿದಳು. ಅರ್ಧ ಗಂಟೆ ಹೋಗಿ ಕಾಲು ಗಂಟೆಯಾಯಿತು. ಗಾಳಿಪಟ ಬಂತು, ಜೇಡಿಮಣ್ಣಿನ ಪಾತ್ರೆ ಬಂತು, ಬೀಟ್‌ರೂಟಿನ ರಸದಲ್ಲಿ ಬಿಳಿ ಬಟ್ಟೆಗೆ ಬಣ್ಣ ಹಾಕುವುದು ಬಂತು. ಕಿಟಕಿಯ ಕಟ್ಟೆಯ ಮೇಲೆ ಮರಿ ಕೂತದ್ದು ಕಂಡರೆ ಅವಳು ಓಡಿ ಬರುತ್ತಿದ್ದಳು. ಅವಳ ಕಣ್ಣಿಗೆ ಅದು ಖಾಲಿ ಚೌಕ. ಮರಿ, ಏಳು, ಹತ್ತೂವರೆ ಆಯ್ತು ಅನ್ನುವಳು. ಮರಿ ಏಳುವಳು. ಯಾವತ್ತೂ ಇಲ್ಲ ಅನ್ನಲಿಲ್ಲ. ಹೇಳಿದ್ದಕ್ಕೆಲ್ಲ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು.

ತಾಯಿ ತಾನೂ ಕೂರುತ್ತಿರಲಿಲ್ಲ. ಕೂತರೆ ಸಾಕು, ಕಿವಿಯಲ್ಲಿ ಲಾಂಡ್ರಿಯ ದೊಡ್ಡ ಡ್ರೈಯರ್ ತಿರುಗುವ ಸದ್ದು ಶುರುವಾಗುತ್ತಿತ್ತು. ನಿಂತು ತಿನ್ನುವಳು, ನಡೆಯುತ್ತ ಕುಡಿಯುವಳು, ಟೊಮೇಟೊ ಬೇಯುವಷ್ಟು ಹೊತ್ತು ಸುಮ್ಮನಿರಲಾರದೆ ಒರೆಸಿದ ಮೇಜನ್ನೇ ಮತ್ತೆ ಒರೆಸುವಳು. ಆ ಮೇಜು ಸವೆದು ಸವೆದು ಕೊನೆಗೆ ಅದರ ಮೇಲೆ ಪತ್ರಿಕೆ ಇಟ್ಟರೆ ಕೆಳಗಿನಿಂದ ಓದಬಹುದಿತ್ತು. ಅತ್ತೆ ಬಲಗಡೆಯ ಉರಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ಬೆಂಡೆಕಾಯಿ ಹೆಚ್ಚುವವರ ಕೈ ಹೀಗಿರುತ್ತದೆಯೇ, ಸೂಪೆಂದರೆ ಕೆರೆಯ ನೀರೇ ಎಂದು ಚುಚ್ಚುತ್ತಿದ್ದರು. ಒಮ್ಮೆ ಅವಳ ಸೂಪಿಗೆ ಕಣ್ಣು ತಪ್ಪಿಸಿ ಒಂದು ಹಿಡಿ ಉಪ್ಪು ಹಾಕಿದರು. ಹಿಡಿಯಲ್ಲ, ಒಂದು ಮೂಟೆ. ಮಹಾ ಕೇಡಿ ಅತ್ತೆ, ಅಂಥವರು ಸಾವಿರ ವರ್ಷಕ್ಕೊಬ್ಬರು ಹುಟ್ಟುವುದು. ಸೊಸೆ ಅದನ್ನು ಚೆಲ್ಲಿ, ಮತ್ತೆ ಹೊಸದಾಗಿ ಕ್ಯಾರೆಟ್ ಹೆಚ್ಚತೊಡಗಿದಳು.

ಆರನೇ ವಾರ ಬಂತು. ಊರಾಚೆ ಒಂದು ತೋಟವಿತ್ತು. ಬೇಕಾದವರು ಹೋಗಿ ತಾವೇ ತರಕಾರಿ ಕಿತ್ತುಕೊಂಡು ಬರಬಹುದಿತ್ತು. ಎರಡು ಬಸ್ಸು ಬದಲಿಸಿ, ಸುಡುವ ಬಿಸಿಲಿನಲ್ಲಿ ತಾಯಿ ಮಗಳು ಅಲ್ಲಿಗೆ ಹೋದರು. ತಾಯಿ ಕೈಗಡಿಯಾರ ನೋಡಿಕೊಂಡು ಟೊಮೇಟೊಗೆ ಕಾಲು ಗಂಟೆ, ಸೌತೆಗೆ ಕಾಲು ಗಂಟೆ, ಬೀನ್ಸಿಗೆ ಕಾಲು ಗಂಟೆ ಎಂದು ಹಂಚಿದಳು. ಬೀನ್ಸಿನ ಸಾಲಿನಲ್ಲಿ ಬಗ್ಗಿದವಳು ತಲೆಯೆತ್ತಿ ನೋಡಿದರೆ ಮರಿ ಇಲ್ಲ!

ಅವಳು ಓಡಿದಳು. ಕಡ್ಡಿಗಳಿಗೆ ಹಬ್ಬಿ ತಲೆಗಿಂತ ಎತ್ತರ ನಿಂತ ಬೀನ್ಸಿನ ಬಳ್ಳಿಗಳ ನಡುವೆ, ಒಂದು ಸಾಲಿನಿಂದ ಇನ್ನೊಂದು ಸಾಲಿಗೆ, ಮರೀ ಮರೀ ಎಂದು ಕೂಗುತ್ತ ಓಡಿದಳು. ಆ ತೋಟದ ಒಂದೊಂದು ಸಾಲೂ ಹನ್ನೊಂದು ಮೈಲಿ ಉದ್ದ. ಚೀಲದಿಂದ ಟೊಮೇಟೊಗಳು ಉದುರಿ ಹಿಂದೆ ಉರುಳಿ ಬಂದವು. ನಾದಿನಿ ಬಂದು ಕರೆದುಕೊಂಡು ಹೋಗಿಬಿಟ್ಟಳೇ... ಮಗು ತಾನೇ ನಡೆದು ಹೋಗಿಬಿಟ್ಟಿತೇ... ಬಾವಿಯಿದೆಯೇ ಇಲ್ಲಿ... ಕೊನೆಯ ಸಾಲಿನ ತುದಿಯಲ್ಲಿ ಬಳ್ಳಿಗಳು ಗುಡಿಸಲಿನ ಹಾಗೆ ಬಾಗಿದ್ದವು. ಆ ನೆರಳಿನಲ್ಲಿ, ನೆಲದ ಮೇಲೆ, ಮಂಡಿಗೆ ಗಲ್ಲ ಊರಿಕೊಂಡು ಮರಿ ಕೂತಿದ್ದಳು. ಎಚ್ಚರವಾಗಿಯೇ ಇದ್ದಳು.

"ಏನ್ ಮಾಡ್ತಿದ್ದೀಯ ಇಲ್ಲಿ?"

"ಏನಿಲ್ಲಮ್ಮ. ಸುಮ್ನೆ ಕೂತಿದ್ದೆ."

ತಾಯಿ ಹೊಡೆದಳು. ಜೀವಮಾನದಲ್ಲಿ ಮೊದಲ ಬಾರಿ. ಕೆನ್ನೆಯ ಮೇಲೆ ಐದು ಬೆರಳು ಮೂಡಿದವು. ಇದರಲ್ಲಿ ಒಂದಿಷ್ಟೂ ಉತ್ಪ್ರೇಕ್ಷೆಯಿಲ್ಲ. ಮರಿ ಅಳಲಿಲ್ಲ, ಎದ್ದು ಲಂಗದ ಮಣ್ಣು ಕೊಡವಿ, ಬೀನ್ಸ್ ಕೀಳುವುದು ಮುಗೀತಾ ಎಂದು ಕೇಳಿದಳು. ಅಷ್ಟಕ್ಕೇ ತಾಯಿ ಬಳ್ಳಿಗಳ ನಡುವೆ ಕುಸಿದು, ಮಗಳ ಎರಡೂ ಕೈ ಹಿಡಿದುಕೊಂಡು ಅತ್ತಳು.

ಮನೆಗೆ ಬಂದಾಗ ಆ ಕೆನ್ನೆಯನ್ನು ಅತ್ತೆ ನೋಡಿದರು.

"ಇದೂ ನಿನ್ನ ಪಟ್ಟಿಯಲ್ಲಿತ್ತೇನು?"

ಸೊಸೆ ಆರು ವರ್ಷದಲ್ಲಿ ಮೊದಲ ಸಲ ಎದುರುತ್ತರ ಕೊಟ್ಟಳು. ದನಿ ಏರಲಿಲ್ಲ.

"ಅತ್ತೆ, ನೀವು ಅವಳ ಹಲ್ಲು ಬಿದ್ದದ್ದು ನೋಡಿದೀರಿ. ಅವಳು ಓದೋಕೆ ಕಲ್ತದ್ದು ನೋಡಿದೀರಿ. ನಾನು ಏನೂ ನೋಡಿಲ್ಲ. ನಂಗೆ ಇರೋದು ಇನ್ನು ಹದಿನಾರು ದಿನ. ನಾನು ಏನ್ ತಪ್ಪು ಮಾಡ್ತಿದೀನಿ ಅಂತ ನಿಮಗೆ ಗೊತ್ತಿದ್ರೆ ಹೇಳ್ಬಿಡಿ. ಕಾಲಿಗೆ ಬೀಳ್ತೀನಿ."

ಅತ್ತೆ ಆಲೂಗಡ್ಡೆಯ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ, ಇನ್ನೂ ಬೆಂದಿಲ್ಲ ಅಂದರು.

ಮಗುವಿಗೆ ಬೇಜಾರಾಗಿರಬೇಕು, ತಾನು ಮಾಡಿದ್ದು ಸಾಲದು, ಇನ್ನೂ ಏನೋ ಬೇಕು ಎಂದು ಅವಳು ಉಳಿದ ಹದಿನಾರು ದಿನಗಳ ಚೌಕಗಳನ್ನೆಲ್ಲ ಅಳಿಸಿ ಮತ್ತೆ ಬರೆದಳು. ಬೊಂಬೆಯಾಟ, ದೋಣಿ, ವಸ್ತುಸಂಗ್ರಹಾಲಯ, ಕುಂಬಳಕಾಯಿ ಕೆತ್ತನೆ. ಊಟಕ್ಕೆ ದಿನಕ್ಕೆ ಏಳು ಬಣ್ಣದ ಏಳು ತರಕಾರಿ.

ಐವತ್ತಾರನೇ ದಿನ ನಾದಿನಿ ಬಂದಳು. ನೀಲಿ ಬಣ್ಣದ ಹೊಸ ಸೂಟ್‌ಕೇಸ್ ತಂದಿದ್ದಳು. ಎಲ್ಲರೂ ಮೇಜಿನ ಸುತ್ತ ನಿಂತರು. ಗಂಡ ಎಂದಿನಂತೆ ಗೋಡೆಗೆ ಒರಗಿದ. ಆಗ ಸೊಸೆ ಬಾಯಿ ತೆರೆದು ಮೂರು ಗಂಟೆ ನಲವತ್ತು ನಿಮಿಷ ಮಾತಾಡಿದಳು ನೋಡಿ! ತಾಯಿಯ ಕರುಳೆಂದರೇನು, ಬೆಳಗಿನ ಪಾಳಿಯೆಂದರೇನು, ತೊಟ್ಟು ಮುರಿಯದ ಬದನೆಕಾಯಿಯೆಂದರೇನು ಎಂದು ಅವಳು ಹೇಳುತ್ತಿದ್ದರೆ ಕಿಟಕಿಯ ಹೊರಗೆ ಜನ ಗುಂಪುಗೂಡಿದರು. ಐದನೇ ಮಹಡಿಯ ಕಿಟಕಿ! ಏಣಿ ಹಾಕಿಕೊಂಡು ನಿಂತರು. ನಾದಿನಿಯ ಕೈಯಿಂದ ಸೂಟ್‌ಕೇಸ್ ಜಾರಿತು. ಮರಿ ಓಡಿ ಹೋಗಿ ಅಮ್ಮನ ಸೊಂಟ ತಬ್ಬಿಕೊಂಡು, ನಾನು ಎಲ್ಲಿಗೂ ಹೋಗಲ್ಲ, ನಿನ್ನ ಹತ್ತಿರವೇ ಇರುತ್ತೇನೆ ಎಂದಳು. ಕಲ್ಲಿನಂಥ ಅತ್ತೆ, ಹಾಲು ಒಡೆಸಿದ ಅತ್ತೆ, ಬಿಕ್ಕಿ ಬಿಕ್ಕಿ ಅಳುತ್ತ ಸೊಸೆಯ ಕಾಲಿಗೆ ಬಿದ್ದು, ಇವತ್ತಿನಿಂದ ಎರಡು ಉರಿಯೂ ನಿನ್ನದೇ ತಾಯಿ ಎಂದರು...

ಇಲ್ಲಿಯವರೆಗೆ ಬರೆದದ್ದನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಾಗ, ಮೇಜಿನ ಆ ಕಡೆ ಕೂತು ಸೌತೆಕಾಯಿಯ ಸಿಪ್ಪೆ ತೆಗೆಯುತ್ತಿದ್ದವಳು ತಲೆಯೆತ್ತಿದಳು.

"ಅತ್ತೆ, ನಿಮಗೆ ಆಗಲೇ ಮಂಡಿ ನೋವು. ನೀವೆಲ್ಲಿ ನನ್ನ ಕಾಲಿಗೆ ಬಿದ್ರಿ?"

ಸುಮ್ಮನೆ ಒಂದು ಮಾತಿಗೆ ಬರೆದದ್ದು ಅಂದೆ.

"ಮತ್ತೆ ಮರಿ ಹಾಗೆ ಹೇಳ್ಲಿಲ್ಲ," ಅಂದಳು. ಸಿಟ್ಟಿನಿಂದ ಅಲ್ಲ. ಮರೆತ ಮುದುಕಿಗೆ ನೆನಪು ಮಾಡಿಕೊಡುವವರ ಹಾಗೆ.

ಸಿಕ್ಕಿಬಿದ್ದೆ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆ ಅತ್ತೆ ನಾನೇ. ಡೈರಿಯ ಹಾಲು ಒಡೆಯಲಿಲ್ಲ, ನನ್ನ ಗಂಟಲು ಅಷ್ಟು ದೊಡ್ಡದೂ ಅಲ್ಲ. ಸೂಪಿಗೆ ಉಪ್ಪು ಹಾಕಿದ್ದು ನಿಜ, ಎರಡು ಚಮಚ. ಸೊಸೆಯ ಮನಸ್ಸಿನಲ್ಲಿ ಹಾಗಿತ್ತು ಹೀಗಿತ್ತು ಎಂದು ಇಷ್ಟು ಹೊತ್ತು ಹೇಳಿದೆನಲ್ಲ, ಅದೂ ನನಗೆ ಗೊತ್ತಿಲ್ಲ. ನಾನು ಯಾವತ್ತೂ ಕೇಳಿದವಳಲ್ಲ. ಕುರ್ಚಿ ಹಾಕಿಕೊಂಡು ಕೂತು ನೋಡಿದ್ದಷ್ಟೇ.

ಅವತ್ತು ಯಾರೂ ಭಾಷಣ ಮಾಡಲಿಲ್ಲ. ನನ್ನ ಮಗಳು ಮರಿಯ ಮುಂದೆ ಬಗ್ಗಿ ಕೂತು, ಇರ್ತೀಯಾ ಪುಟ್ಟಾ, ಬರ್ತೀಯಾ ಎಂದು ಕೇಳಿದಳು. ಮರಿ ಒಂದು ಸಲ ನನ್ನ ಮುಖ ನೋಡಿದಳು. ಅಮ್ಮನ ಮುಖವನ್ನಲ್ಲ, ನನ್ನ ಮುಖವನ್ನು. ಆಮೇಲೆ, ಹೋಗ್ತೀನಿ ಅಂದಳು. ಸೊಸೆ ಕೊಟ್ಟ ಮಾತಿನಂತೆ ಒಳಗೆ ಹೋಗಿ ಹದಿನಾಲ್ಕು ಜೊತೆ ಬಟ್ಟೆ ಮಡಚಿ ಆ ನೀಲಿ ಸೂಟ್‌ಕೇಸಿನಲ್ಲಿ ಜೋಡಿಸಿದಳು. ಅವಳು ಅಷ್ಟು ನಿಧಾನವಾಗಿ ಮಡಚಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಮರಿ ಹತ್ತು ವರ್ಷ ಅಲ್ಲೇ ಓದಿದಳು. ರಜೆಗೆ ಬರುತ್ತಿದ್ದಳು, ನೆಂಟರ ಹಾಗೆ, ಲೋಟ ಎಲ್ಲಿಟ್ಟಿದೀರಿ ಎಂದು ಕೇಳಿಕೊಂಡು. ಈಗಲೂ ಫೋನ್ ಮಾಡುತ್ತಾಳೆ. ಒಳ್ಳೆಯ ಹುಡುಗಿ.

ಇಷ್ಟು ಸೊಸೆಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ಅದನ್ನು ಮುಚ್ಚುವುದಕ್ಕೇ ಇರಬೇಕು ನಾನು ಜೀವನವಿಡೀ ಇಷ್ಟು ದೊಡ್ಡ ದೊಡ್ಡ ಸುಳ್ಳು ಹೇಳಿಕೊಂಡು ಬಂದದ್ದು. ಪೆನ್ನು ಕೆಳಗಿಟ್ಟು ಅವಳಿಗೆ ಹೇಳಿದೆ. ಒಂದು ಮಧ್ಯಾಹ್ನ ನೀನು ತಾರಸಿಗೆ ನೀರು ಹಾಕಲು ಹೋಗಿದ್ದಾಗ, ನಾನು ಆಲೂಗಡ್ಡೆ ಸುಲಿಯುತ್ತಿದ್ದೆ, ಮರಿ ಬಂದು ನನ್ನ ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು ಎಂದೆ. ಮರಿಯ ಮಾತನ್ನು ಹಾಗೆಯೇ ಹೇಳಿದೆ, ಅದರಲ್ಲಿ ಒಂದಕ್ಷರ ಸೇರಿಸಲಿಲ್ಲ, ಒಂದಕ್ಷರ ಬಿಡಲಿಲ್ಲ.

"ಅಜ್ಜಿ, ಅಮ್ಮ ಒಂದಿನ ಏನೂ ಮಾಡ್ದೆ ನನ್ನ ಪಕ್ಕ ಕೂತ್ಕೊಂಡ್ರೆ ನಾನು ಎಲ್ಲೂ ಹೋಗಲ್ಲ. ನಾನು ಹೇಳಿದ್ರೆ ಅಮ್ಮಂಗೆ ಬೇಜಾರಾಗುತ್ತೆ. ನೀನು ಹೇಳ್ತೀಯಾ?"

ಹೇಳ್ತೀನಿ ಅಂದಿದ್ದೆ. ಹೇಳಲಿಲ್ಲ. ನನ್ನ ಮಗಳು ಫೋನಿನಲ್ಲಿ ಅಳುತ್ತಿದ್ದಳು, ಅದೊಂದು. ಇನ್ನೊಂದು, ಮರಿ ಇವಳ ಕೈಯಿಂದ ತಿನ್ನಲು ಶುರುಮಾಡಿದರೆ ನನ್ನ ಉರಿಯ ಮೇಲಿನ ಆಲೂಗಡ್ಡೆ ಯಾರಿಗೆ ಎಂಬ ಹೊಟ್ಟೆಕಿಚ್ಚು. ಅಷ್ಟೇ. ದಿನವೂ ಮರಿ ನನ್ನ ಮುಖ ನೋಡುತ್ತಿದ್ದಳು, ಹೇಳಿದೆಯಾ ಎಂದು. ನಾನು ತಲೆಯಾಡಿಸುತ್ತಿದ್ದೆ, ಹೇಳಿದೆ ಎಂದು. ಅಮ್ಮನಿಗೆ ಗೊತ್ತಿದ್ದೂ ಕೂರುತ್ತಿಲ್ಲ ಎಂದೇ ಆ ಮಗು ತಿಳಿದುಕೊಂಡಿತು.

ಸೊಸೆಯ ಕೈಯಲ್ಲಿದ್ದ ಸೌತೆಕಾಯಿ ಅರ್ಧ ಸುಲಿದಿತ್ತು. ಅವಳು ಅದನ್ನು ಮೇಜಿನ ಮೇಲಿಟ್ಟಳು. ಬಯ್ಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಯಾವ ವಾರ ಅತ್ತೆ?" ಎಂದು ಕೇಳಿದಳು.

ಮೂರನೇ ವಾರ ಅಂದೆ.

ಅವಳು ಬೆರಳು ಮಡಚಿದಳು. ಒಂದು, ಎರಡು...

"ಹಾಗಾದ್ರೆ ಇನ್ನೂ ಐದು ವಾರ ಇತ್ತು," ಅಂದಳು.